ಬಂದೂಕಿನ ಕಾನೂನು: ಹಲಗಲಿಯಿಂದ ನಮ್ಮೂರ ಕಟ್ಟೆಯವರೆಗೆ



ಕಳೆದ ಬೇಸಿಗೆಯ ಒಂದು ಮಧ್ಯಾಹ್ನ ಕೊಡ್ಲಿಯ ನಮ್ಮ ಮನೆಯ ಕಟ್ಟೆಯ ಮೇಲೆ ಒಬ್ಬ ತಾಯಿ ಬಂದು ಕುಳಿತರು. ನೀರು ಕೊಟ್ಟರೆ ಕುಡಿಯಲಿಲ್ಲ. ಸೆರಗಿನ ತುದಿಯಲ್ಲಿ ಕಟ್ಟಿಕೊಂಡು ಬಂದಿದ್ದ ಒಂದು ಕಾಗದವನ್ನು ಬಿಚ್ಚಿ ನನ್ನ ಕೈಗೆ ಕೊಟ್ಟರು. ಅದು ಪ್ರಥಮ ವರ್ತಮಾನ ವರದಿಯ ಪ್ರತಿ. ಅವರ ಮಗ ನನ್ನಲ್ಲಿ ಹೈಸ್ಕೂಲಿನಲ್ಲಿ ಓದಿದವನು, ಈಗ ಸರಕು ಸಾಗಿಸುವ ಗಾಡಿ ಓಡಿಸುತ್ತಾನೆ. ಭೀಮಾ ನದಿಯ ದಂಡೆಯ ಒಂದು ಊರಿನಿಂದ ಮತ್ತೊಂದು ಊರಿಗೆ ಒಂದು ಚೀಲವನ್ನು ಮುಟ್ಟಿಸಿದರೆ ನಾಲ್ಕು ಸಾವಿರ ರೂಪಾಯಿ ಎಂದು ಪರಿಚಯದವನೊಬ್ಬ ಹೇಳಿದ್ದ. ದಾರಿಯಲ್ಲಿ ತಪಾಸಣೆಯಾಯಿತು. ಚೀಲದಲ್ಲಿ ಎರಡು ನಾಡ ಪಿಸ್ತೂಲುಗಳೂ ಕೆಲವು ಗುಂಡುಗಳೂ ಇದ್ದವು.

"ಮಾಸ್ತರ್ರೇ, ನಿಮ್ಮ ಕೈಯಾಗ ಕಲ್ತ ಹುಡುಗ ಹಾನ್ರಿ. ಮತ್ತೊಬ್ಬರ ಚೀಲ ಹೊತ್ತಾನ, ಅಷ್ಟೇರಿ," ಎಂದು ಆಕೆ ಅತ್ತರು.

ಆ ಹುಡುಗ ಯಾರೆಂದು ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ದಯವಿಟ್ಟು ಹೆಸರನ್ನು ಎಲ್ಲಿಯೂ ಎತ್ತಬೇಡಿರಿ. ನಾನು ಈ ಲೇಖನವನ್ನು ಬರೆಯುತ್ತಿರುವುದು ಅವನ ಪರವಾಗಿ ವಾದಿಸಲಿಕ್ಕಲ್ಲ. ಅವನ ವಕೀಲರು ಆ ದಿನ ದೂರವಾಣಿಯಲ್ಲಿ ನನಗೆ ವಿವರಿಸಿದ ಒಂದು ಸಂಗತಿ ಅನೇಕ ದಿನ ನನ್ನನ್ನು ಕಾಡಿತು, ಅದಕ್ಕಾಗಿ.

ವಕೀಲರು ಹೇಳಿದ್ದು ಇಷ್ಟು. 1959ರ ಶಸ್ತ್ರಾಸ್ತ್ರ ಕಾಯ್ದೆಗೆ 2019ರಲ್ಲಿ ತಿದ್ದುಪಡಿಯಾಗಿದೆ. ಪರವಾನಿಗೆಯಿಲ್ಲದ ಸಾಮಾನ್ಯ ಪಿಸ್ತೂಲು ಒಬ್ಬನ ಬಳಿ ಸುಮ್ಮನೆ ಸಿಕ್ಕಿದರೆ ಎರಡು ವರ್ಷದಿಂದ ಐದು ವರ್ಷದವರೆಗೆ ಸೆರೆ. ಅದು ಮಾರಾಟಕ್ಕಾಗಿ ಇಟ್ಟುಕೊಂಡದ್ದು ಅಥವಾ ಸಾಗಿಸಿದ್ದು ಎಂದಾದರೆ ಏಳು ವರ್ಷದಿಂದ ಜೀವಾವಧಿಯವರೆಗೆ. ಅಕ್ರಮ ಸಾಗಣೆ ಅಥವಾ ಅದಕ್ಕೆ ನೆರವು ಎಂದಾದರೆ ಹತ್ತು ವರ್ಷಕ್ಕೆ ಕಡಿಮೆಯಿಲ್ಲ, ಜೀವಾವಧಿಯವರೆಗೂ ಆಗಬಹುದು. "ಚೀಲ ಒಂದೇ ಸರ್, ಅದಕ್ಕೆ ಯಾವ ಹೆಸರು ಹಚ್ಚುತ್ತಾರೆ ಅನ್ನುವುದರ ಮೇಲೆ ಎಲ್ಲ ಅದೆ," ಎಂದರು ವಕೀಲರು.

ಇತಿಹಾಸ ಕಲಿಸಿದ ಮಾಸ್ತರನಿಗೆ ಈ ಮಾತು ಹಳೆಯ ಪಾಠಗಳನ್ನೆಲ್ಲ ಮತ್ತೆ ನೆನಪಿಗೆ ತಂದಿತು. ಬಂದೂಕಿನ ವಿಷಯದಲ್ಲಿ ನಮ್ಮ ದೇಶದ ಕಾನೂನು ಬಿಗಿಯಾದುದು ಇದು ಮೊದಲನೆಯ ಸಲವಲ್ಲ. ಪ್ರತಿ ಸಲವೂ ಆ ಬಿಗಿ ಯಾರ ಕೊರಳಿಗೆ ಬಿತ್ತು ಎಂಬುದನ್ನು ನೋಡಬೇಕಾಗಿದೆ.

ಹಲಗಲಿಯ ಬೇಡರ ಕಥೆಯನ್ನು ನಾನು ನಿಮಗೆ ತರಗತಿಯಲ್ಲಿ ಹೇಳಿದ್ದೇನೆ. ಈಚಿನ ವರ್ಷಗಳಲ್ಲಿ ಆ ಲಾವಣಿ ಹತ್ತನೆಯ ತರಗತಿಯ ಕನ್ನಡ ಪಠ್ಯದಲ್ಲಿಯೂ ಬಂದುದರಿಂದ ನಿಮ್ಮ ಮಕ್ಕಳಿಗೂ ಗೊತ್ತು. ಉತ್ತರ ಹಿಂದೂಸ್ಥಾನದಲ್ಲಿ ದಂಗೆ ಎದ್ದ 1857ರಲ್ಲಿಯೇ ಕಂಪನಿ ಸರ್ಕಾರ ನಿಶ್ಶಸ್ತ್ರೀಕರಣ ಕಾಯ್ದೆಯನ್ನು ತಂದಿತು. ಮುಧೋಳ ಸಂಸ್ಥಾನಕ್ಕೆ ಸೇರಿದ ಹಲಗಲಿಯ ಬೇಡರಿಗೆ ಆಯುಧವೆಂಬುದು ಬೇಟೆಯ ಸಾಧನ, ಕುಲದ ಗೌರವ, ಕೆಲವರಿಗೆ ಸಂಬಳದ ಕಸುಬು. ಅವರು ಒಪ್ಪಿಸಲು ಒಲ್ಲೆವೆಂದರು. ಆ ವರ್ಷದ ನವೆಂಬರ್ ಕೊನೆಯಲ್ಲಿ ಕುದುರೆ ಸೈನ್ಯ ಬಂದು ಊರನ್ನು ಸುತ್ತುಗಟ್ಟಿ ಬೆಂಕಿ ಹಚ್ಚಿತು. ಡಿಸೆಂಬರಿನಲ್ಲಿ ಸೆರೆಸಿಕ್ಕ ಮುಂದಾಳುಗಳನ್ನು ಜನರ ಕಣ್ಣೆದುರಿಗೇ ಗಲ್ಲಿಗೇರಿಸಿದರು. ಈ ಪ್ರಸಂಗದ ಲಾವಣಿಯನ್ನು ಸಂಗ್ರಹಿಸಿ ಉಳಿಸಿದವನು ಅದೇ ಸರ್ಕಾರದ ಅಧಿಕಾರಿಯಾಗಿದ್ದ ಜೆ.ಎಫ್. ಫ್ಲೀಟ್ ಎಂಬುದೊಂದು ವಿಚಿತ್ರ.

ನೆನಪಿಡಬೇಕಾದದ್ದು, ಹಲಗಲಿಯವರು ಬಂದೂಕನ್ನು ಮಾರಿದವರಲ್ಲ, ಕದ್ದು ಸಾಗಿಸಿದವರಲ್ಲ. ತಮ್ಮ ಮನೆಯ ಗೋಡೆಯ ಮೇಲಿದ್ದುದನ್ನು ಕೊಡಲೊಲ್ಲೆ ಎಂದವರು.

ಅದೇ ಕಾಲದಲ್ಲಿ ನಮ್ಮ ನಾಡಿನ ಮತ್ತೊಂದು ಮೂಲೆಯಲ್ಲಿ ಇದಕ್ಕೆ ತೀರ ಬೇರೆಯಾದ ಕ್ರಮ ನಡೆಯಿತು. 1861ರಲ್ಲಿ ಕೊಡಗಿನ ಆಡಳಿತವನ್ನು ನೋಡುತ್ತಿದ್ದ ಮಾರ್ಕ್ ಕಬ್ಬನ್ ಕೊಡವರಿಗೆ ಆಯುಧ ಕಾಯ್ದೆಯಿಂದ ವಿನಾಯಿತಿ ಕೊಟ್ಟ. ಕೊಡವ ಜನಾಂಗದವರಿಗೂ ಜಮ್ಮಾ ಹಿಡುವಳಿದಾರರಿಗೂ ಆ ವಿನಾಯಿತಿ ಈಗಲೂ ಉಂಟು. 2019ರ ಅಕ್ಟೋಬರಿನಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ವಿಸ್ತರಿಸಿತು. ಅದನ್ನು ಪ್ರಶ್ನಿಸಿದ ಅರ್ಜಿಯನ್ನು ಕರ್ನಾಟಕ ಹೈಕೋರ್ಟು 2021ರ ಸೆಪ್ಟೆಂಬರಿನಲ್ಲಿ ತಳ್ಳಿಹಾಕಿತು. ಕೈಲ್ ಮುಹೂರ್ತದಲ್ಲಿ ಕೋವಿಗೆ ಹೂವಿಟ್ಟು ಪೂಜಿಸುವ ಕೊಡವರ ಬಗ್ಗೆ ನನಗೆ ಅಸೂಯೆಯಿಲ್ಲ. ಸರ್ಕಾರಕ್ಕೆ ನಂಬಿಗಸ್ತರೆನಿಸಿದವರಿಗೆ ಬಂದೂಕು ಆಭರಣ, ನಂಬಿಕೆಯಿಲ್ಲದವರಿಗೆ ಅದೇ ಬಂದೂಕು ಅಪರಾಧ, ಈ ಭೇದ ಅಂದೇ ಹುಟ್ಟಿತೆಂದು ಮಾತ್ರ ಹೇಳುತ್ತಿದ್ದೇನೆ. 1878ರಲ್ಲಿ ಲಾರ್ಡ್ ಲಿಟ್ಟನ್ ತಂದ ಆಯುಧ ಕಾಯ್ದೆಯಲ್ಲಿ ಈ ಭೇದ ಇನ್ನಷ್ಟು ನಿಚ್ಚಳವಾಯಿತು. ಭಾರತೀಯರಿಗೆ ಪರವಾನಿಗೆ ಬೇಕು, ಯುರೋಪಿಯನ್ನರಿಗೆ ಬೇಡ! ಗಾಂಧೀಜಿಯಂಥ ಅಹಿಂಸಾವಾದಿಯೂ ಆತ್ಮಕಥೆಯಲ್ಲಿ ಈ ಕಾಯ್ದೆಯನ್ನು ಬ್ರಿಟಿಷರ ಅತ್ಯಂತ ಕರಾಳ ಕೃತ್ಯಗಳ ಸಾಲಿಗೆ ಸೇರಿಸಿದ್ದಾರೆ. 1931ರ ಕರಾಚಿ ಕಾಂಗ್ರೆಸ್ಸು ತನ್ನ ಮೂಲಭೂತ ಹಕ್ಕುಗಳ ಪಟ್ಟಿಯಲ್ಲಿ, ನಿಯಮಗಳಿಗೆ ಒಳಪಟ್ಟು ಆಯುಧ ಹೊಂದುವ ಹಕ್ಕನ್ನೂ ಬರೆದುಕೊಂಡಿತು.

ಆದರೆ ನಮ್ಮ ಸೇಡಂ, ಚಿತ್ತಾಪುರ, ಚಿಂಚೋಳಿ ಸೀಮೆ ಬ್ರಿಟಿಷ್ ಇಂಡಿಯಾ ಆಗಿರಲಿಲ್ಲ. ನಾವು ನಿಜಾಮರ ರಾಜ್ಯದವರು. ಲಿಟ್ಟನ್ನನ ಕಾಯ್ದೆ ನೇರವಾಗಿ ನಮ್ಮನ್ನು ಮುಟ್ಟಲಿಲ್ಲ. ಇಲ್ಲಿಯ ಬಂದೂಕಿನ ಕಥೆ ಬೇರೆ, ಅದರ ಕೇಂದ್ರ 1948.

ನಮ್ಮ ಅಜ್ಜನ ಬಳಿ ಮದ್ದು ತುಂಬಿ ಸಿಡಿಸುವ ಒಂದು ನಾಡ ಬಂದೂಕು ಇತ್ತು. ಜೋಳದ ಹೊಲಕ್ಕೆ ಹಂದಿ ನುಗ್ಗಿದಾಗ ಅದನ್ನು ಹೊರಗೆ ತೆಗೆಯುತ್ತಿದ್ದರಂತೆ. ಎದುರು ಮನೆಯ ಮುಸಲ್ಮಾನ ಕುಟುಂಬದಲ್ಲಿಯೂ ಅಂಥದೇ ಒಂದು ಇತ್ತು. ಹಂದಿ ಬಂದ ರಾತ್ರಿ ಎರಡೂ ಮನೆಯವರು ಕೂಡಿಯೇ ಹೊಲಕ್ಕೆ ಹೋಗುತ್ತಿದ್ದರು.

ಆ ಮಳೆಗಾಲದ ಬಗ್ಗೆ ನಮ್ಮವ್ವ ಹೇಳುತ್ತಿದ್ದ ಒಂದೇ ಒಂದು ವಿವರ ನನ್ನ ಮನಸ್ಸಿನಲ್ಲಿ ನಿಂತಿದೆ. ಸರಿರಾತ್ರಿಯಲ್ಲಿ ಆಕಾಶದಲ್ಲಿ ಗುಂಯ್ ಎಂಬ ಸದ್ದು ಕೇಳಿ ಮನೆಯವರೆಲ್ಲ ಅಂಗಳಕ್ಕೆ ಬಂದು ತಲೆಯೆತ್ತಿ ನೋಡುತ್ತಿದ್ದರಂತೆ. ದೀಪವಿಲ್ಲ, ಏನೂ ಕಾಣದು. ಅವ್ವನಿಗೆ ಅದು ದೆವ್ವದ ಸದ್ದು. ಎಷ್ಟೋ ವರ್ಷಗಳ ನಂತರ, ನಾನು ಮಾಸ್ತರನಾದ ಮೇಲೆ, ಸಿಡ್ನಿ ಕಾಟನ್ ಎಂಬ ಹೆಸರನ್ನು ಓದಿದಾಗ ಅವ್ವನ ದೆವ್ವ ನೆನಪಾಯಿತು.

ಈ ಕಾಟನ್ ಆಸ್ಟ್ರೇಲಿಯಾದವನು, ಸಾಹಸಿ ವೈಮಾನಿಕ. ಎರಡನೆಯ ಮಹಾಯುದ್ಧದ ಹೊಸ್ತಿಲಲ್ಲಿ ಬ್ರಿಟಿಷ್ ಗೂಢಚಾರರಿಗಾಗಿ ಜರ್ಮನಿಯ ಮೇಲೆ ಹಾರಾಡುತ್ತ ಗುಟ್ಟಾಗಿ ಛಾಯಾಚಿತ್ರ ತೆಗೆದವನು. 1947ರ ನವೆಂಬರ್ 29ರಂದು ಹೈದರಾಬಾದಿಗೂ ಭಾರತಕ್ಕೂ ಯಥಾಸ್ಥಿತಿ ಒಪ್ಪಂದವಾಯಿತು. ಆದರೆ ನಿಜಾಮ ಸರ್ಕಾರಕ್ಕೆ ಬೇಕಾದ ಆಯುಧಗಳು ಭಾರತದಿಂದ ಬರಲಿಲ್ಲ, ನಾಲ್ಕೂ ದಿಕ್ಕಿಗೆ ಭಾರತವೇ ಇದ್ದುದರಿಂದ ಬೇರೆ ದಾರಿಯೂ ಇರಲಿಲ್ಲ. ಉಳಿದದ್ದು ಆಕಾಶ. ಯುದ್ಧದ ಲ್ಯಾಂಕಾಸ್ಟರ್ ಬಾಂಬರುಗಳಿಂದ ರೂಪಿಸಿದ ಲ್ಯಾಂಕಾಸ್ಟ್ರಿಯನ್ ಎಂಬ ವಿಮಾನಗಳಲ್ಲಿ ಕಾಟನ್ ಕರಾಚಿಯಿಂದ ಕತ್ತಲಲ್ಲಿ ಹೈದರಾಬಾದ್ ರಾಜ್ಯಕ್ಕೆ ಆಯುಧ ಸಾಗಿಸಿದ. ಅವು ಇಳಿದ ತಾಣಗಳಲ್ಲಿ ನಮ್ಮ ನೆರೆಯ ಬೀದರಿನ ವಿಮಾನ ನಿಲ್ದಾಣವೂ ಒಂದು. ಇಂದು ಅಲ್ಲಿ ವಾಯುಪಡೆಯ ತರಬೇತಿ ಕೇಂದ್ರವಿದೆ.

ಆ ಆಯುಧಗಳ ಭರವಸೆಯಲ್ಲಿ ಲಾತೂರಿನ ವಕೀಲ ಕಾಸಿಂ ರಜ್ವಿಯ ಆರ್ಭಟ ಹೆಚ್ಚಿತು. ಹಳ್ಳಿಗಳಿಗೆ ನುಗ್ಗಿದ ರಜಾಕಾರರಲ್ಲಿ ಹೆಚ್ಚಿನವರ ಕೈಯಲ್ಲಿ ಇದ್ದದ್ದು ಖಡ್ಗ, ಭರ್ಚಿ, ಹಳೆಯ ನಾಡ ಬಂದೂಕು. ಗೋರ್ಟಾದ ಹತ್ಯಾಕಾಂಡ ನಡೆದದ್ದು 1948ರ ಮೇ ತಿಂಗಳಲ್ಲಿ. ಅದೇ ಮೇ 22ರಂದು ನಮ್ಮ ಗಾಣಗಾಪುರ ನಿಲ್ದಾಣದಲ್ಲಿ ರೈಲಿನ ಪ್ರಯಾಣಿಕರ ಮೇಲೆ ದಾಳಿಯಾಯಿತು. ಎದುರು ಬದಿಯಲ್ಲಿ ಮುಂಡರಗಿ, ಗಜೇಂದ್ರಗಡದಂಥ ಗಡಿಯಾಚೆಯ ಶಿಬಿರಗಳಿಂದ ನಮ್ಮ ಹೋರಾಟಗಾರರೂ ಆಯುಧ ಹಿಡಿದು ಒಳಬರುತ್ತಿದ್ದರು. ಗಡಿ ದಾಟಿ ಬಂದ ಬಂದೂಕು ಕಾಟನ್ನನ ವಿಮಾನದಲ್ಲಿ ಬಂದದ್ದೊಂದೇ ಅಲ್ಲ. ನಾವು ಒಂದನ್ನು ಕಳ್ಳಸಾಗಣೆ ಎನ್ನುತ್ತೇವೆ, ಇನ್ನೊಂದನ್ನು ವಿಮೋಚನೆ ಎನ್ನುತ್ತೇವೆ. ನಾನೂ ಹಾಗೆಯೇ ಕಲಿಸಿದ್ದೇನೆ, ಇಂದಿಗೂ ನನ್ನ ಒಲವು ಮುಂಡರಗಿಯ ಕಡೆಗೇ. ಆದರೂ ಒಂದೇ ಕಾಯ್ದೆಯ ಕಣ್ಣಿಗೆ ಎರಡೂ ಒಂದೇ ಆಗಿ ಕಾಣುತ್ತವೆ ಎಂಬುದನ್ನು ತರಗತಿಯಲ್ಲಿ ನಾನು ಹೇಳಲಿಲ್ಲ, ಈಗ ಹೇಳುತ್ತಿದ್ದೇನೆ.

1948ರ ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಒಳಬಂದಿತು. 17ರಂದು ನಿಜಾಮರು ಶರಣಾಗತಿಯನ್ನು ಘೋಷಿಸಿದರು. ಸಿಡ್ನಿ ಕಾಟನ್ನನಿಗೆ ಏನಾಯಿತು? ಆಯುಧ ಕಳ್ಳಸಾಗಣೆಗಾಗಿ ಅವನ ಮೇಲೆ ಇಂಗ್ಲೆಂಡಿನಲ್ಲಿ ಮೊಕದ್ದಮೆ ನಡೆಯಿತು. ಶಿಕ್ಷೆ, 200 ಪೌಂಡು ದಂಡ. ಅಂದಿನ ವಿನಿಮಯ ದರದಲ್ಲಿ ಸುಮಾರು 2,700 ರೂಪಾಯಿ. ಒಂದು ರಾಜ್ಯದ ಸೈನ್ಯಕ್ಕೇ ಆಯುಧ ತಂದುಕೊಟ್ಟವನು ದಂಡ ಕಟ್ಟಿ ಮನೆಗೆ ಹೋದ. ಅವನ ಸಾಹಸಗಳನ್ನು ಕುರಿತು ಪುಸ್ತಕಗಳೂ ಬಂದವು.

ಸೈನ್ಯ ಬಂದ ಮೇಲೆ ನಮ್ಮ ಸೀಮೆಯಲ್ಲಿ ನಡೆದುದನ್ನು ನಮ್ಮ ಮನೆಗಳಲ್ಲಿ ದನಿ ತಗ್ಗಿಸಿ ಮಾತಾಡುತ್ತಿದ್ದರು. ನೆಹರೂ ಅವರು ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ ಆ ವರ್ಷದ ಕೊನೆಯಲ್ಲಿ ಹಳ್ಳಿಹಳ್ಳಿ ಸುತ್ತಿ ವರದಿ ಬರೆಯಿತು. 27,000ದಿಂದ 40,000 ಜನ ಸತ್ತಿರಬೇಕೆಂಬುದು ಅದರ ಅಂದಾಜು. ಅತಿ ಹೆಚ್ಚು ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ಗುಲ್ಬರ್ಗಾ, ಬೀದರ ಎರಡೂ ಇವೆ. ಸತ್ತವರಲ್ಲಿ ಬಹುಪಾಲು ಮುಸಲ್ಮಾನರು. ವರದಿಯನ್ನು ಸರ್ಕಾರ ದಶಕಗಳ ಕಾಲ ಪ್ರಕಟಿಸಲಿಲ್ಲ. 2013ರ ಸುಮಾರಿಗೆ ದೆಹಲಿಯ ಗ್ರಂಥಾಲಯವೊಂದರಲ್ಲಿ ಓದಲು ಸಿಗುವಂತಾದಾಗ ಪತ್ರಿಕೆಗಳಲ್ಲಿ ಅದರ ಸಾರ ಬಂದಿತು. ಅದರಲ್ಲಿ ಒಂದು ಸಂಗತಿ ಹೀಗಿತ್ತು: ಹಳ್ಳಿಗಳ ಮುಸಲ್ಮಾನರಿಂದ ಆಯುಧಗಳನ್ನು ಕಸಿದುಕೊಳ್ಳಲಾಯಿತು, ಹಿಂದೂಗಳ ಆಯುಧಗಳನ್ನು ಎಷ್ಟೋ ಕಡೆ ಅವರಲ್ಲಿಯೇ ಬಿಡಲಾಯಿತು.

ಅದನ್ನು ಓದಿದ ದಿನ ನನಗೆ ಊಟ ಸೇರಲಿಲ್ಲ. ಏಕೆಂದರೆ ಅಜ್ಜ ಸಾಯುವ ಮುಂಚೆ ಇದನ್ನೇ ಹೇಳಿದ್ದರು. ಆಗ ನಾನು ಹುಡುಗ, ಅರ್ಥವಾಗಿರಲಿಲ್ಲ. "ಎದುರು ಮನಿಯವರ ಬಂದೂಕ ಒಯ್ದರು. ನಂದು ಯಾರೂ ಕೇಳಲಿಲ್ಲ. ನಾನೂ ಐತಿ ಅಂತ ಹೇಳಲಿಲ್ಲ." ಇಷ್ಟೇ ಮಾತು. ಎದುರು ಮನೆಯವರು ಒಂದು ವಾರ ನಮ್ಮ ಕಣಜದ ಕೋಣೆಯಲ್ಲಿದ್ದರು, ಅನಂತರ ಹೈದರಾಬಾದಿಗೆ ಹೊರಟುಹೋದರು, ಮರಳಿ ಬರಲಿಲ್ಲ. ಅವರನ್ನು ಮನೆಯಲ್ಲಿಟ್ಟುಕೊಂಡದ್ದನ್ನು ಅಜ್ಜ ಎಂದೂ ಹೇಳಿಕೊಂಡವರಲ್ಲ, ಅದು ಅವ್ವ ಹೇಳಿದ್ದು. ಅಜ್ಜ ಹೇಳಿದ್ದು ಬಂದೂಕಿನ ಮಾತನ್ನು ಮಾತ್ರ.

ಇದಾದ ಎರಡೂವರೆ ತಿಂಗಳಿಗೆ, 1948ರ ಡಿಸೆಂಬರ್ ಆರಂಭದಲ್ಲಿ, ಸಂವಿಧಾನ ಸಭೆಯಲ್ಲಿ ಒಂದು ಸ್ವಾರಸ್ಯದ ಚರ್ಚೆಯಾಯಿತು. ಮಂಗಳೂರಿನಲ್ಲಿ ಹುಟ್ಟಿದ ಎಚ್.ವಿ. ಕಾಮತರು ಆಯುಧ ಹೊಂದುವುದನ್ನು ಮೂಲಭೂತ ಹಕ್ಕುಗಳಲ್ಲಿ ಸೇರಿಸಬೇಕೆಂದು ತಿದ್ದುಪಡಿ ಸೂಚಿಸಿದರು. ಕರಾಚಿಯ ನಿರ್ಣಯ ಅವರ ಬೆನ್ನಿಗಿತ್ತು. ಅಂಬೇಡ್ಕರರು ಒಪ್ಪಲಿಲ್ಲ. ಅದು ಹಕ್ಕಾಗಿಬಿಟ್ಟರೆ ಕಳ್ಳಕಾಕರೂ ಕೊಲೆಗಡುಕರೂ ಅದನ್ನೇ ಕೇಳುತ್ತಾರೆಂಬುದು ಅವರ ವಾದದ ತಿರುಳು. ಸಭೆ ಅಂಬೇಡ್ಕರರ ಮಾತನ್ನು ಒಪ್ಪಿತು. ಹೈದರಾಬಾದ್ ರಾಜ್ಯದ ಆ ವರ್ಷವನ್ನು ಬಲ್ಲವರು ಯಾರೂ ಅದನ್ನು ತಪ್ಪೆನ್ನಲಾರರು.

ಹೀಗೆ ಬಂದೂಕು ನಮ್ಮಲ್ಲಿ ಹಕ್ಕಾಗಲಿಲ್ಲ, ಪರವಾನಿಗೆಯ ವಸ್ತುವಾಗಿ ಉಳಿಯಿತು. 1959ರ ಕಾಯ್ದೆ 1962ರ ಅಕ್ಟೋಬರ್ 1ರಿಂದ ಜಾರಿಗೆ ಬಂದಿತು. ಆಗ ನಮ್ಮ ಅಪ್ಪ ಅಜ್ಜನ ಬಂದೂಕನ್ನು ಗೋಣಿಯಲ್ಲಿ ಸುತ್ತಿಕೊಂಡು ಹೋಗಿ ಸರ್ಕಾರಕ್ಕೆ ಒಪ್ಪಿಸಿ ಬಂದರು. 1980ರ ದಶಕದಲ್ಲಿ ಪಂಜಾಬಿನ ಉಗ್ರವಾದದ ದಿನಗಳಲ್ಲಿ ಶಿಕ್ಷೆಗಳನ್ನು ಮತ್ತೆ ಮತ್ತೆ ಏರಿಸಲಾಯಿತು. 1988ರ ತಿದ್ದುಪಡಿಯಂತೂ, ನಿಷೇಧಿತ ಆಯುಧದ ಬಳಕೆಯಿಂದ ಸಾವಾದರೆ ಮರಣದಂಡನೆಯೊಂದೇ, ಬೇರೆ ಶಿಕ್ಷೆಯೇ ಇಲ್ಲ ಎಂದುಬಿಟ್ಟಿತು. ನ್ಯಾಯಾಧೀಶರಿಗೆ ತೂಗಿ ನೋಡುವ ಅವಕಾಶವನ್ನೇ ಕಿತ್ತುಕೊಳ್ಳುವ ಆ ಕಲಮನ್ನು ಸುಪ್ರೀಂ ಕೋರ್ಟು 2012ರಲ್ಲಿ ಸಂವಿಧಾನಬಾಹಿರವೆಂದು ರದ್ದುಗೊಳಿಸಿತು.

ಇಷ್ಟಾಗಿಯೂ ಕಾನೂನು ಬಿಗಿಯಾಗಬಾರದಿತ್ತು ಎಂದು ನಾನು ಹೇಳಲಾರೆ. 2015ರ ಆಗಸ್ಟ್ 30ರ ಬೆಳಿಗ್ಗೆ ಧಾರವಾಡದಲ್ಲಿ ಮನೆಯ ಬಾಗಿಲು ತಟ್ಟಿ ಡಾ. ಎಂ.ಎಂ. ಕಲಬುರ್ಗಿಯವರನ್ನು ಗುಂಡಿಟ್ಟು ಕೊಂದರು. ಅವರ 'ಮಾರ್ಗ' ಸಂಪುಟಗಳನ್ನು ಓದಿ ಶಾಸನಗಳನ್ನು ಪಾಠಕ್ಕೆ ಬಳಸುವುದನ್ನು ಕಲಿತವನು ನಾನು. 2017ರ ಸೆಪ್ಟೆಂಬರ್ 5ರಂದು ಬೆಂಗಳೂರಿನಲ್ಲಿ ಗೌರಿ ಲಂಕೇಶರ ಕೊಲೆಯಾಯಿತು. ಅಂದು ಶಿಕ್ಷಕರ ದಿನಾಚರಣೆ; ಸಂಜೆ ಸನ್ಮಾನದ ಶಾಲು ಹೊದ್ದು ಮನೆಗೆ ಬಂದು ದೂರದರ್ಶನ ಹಚ್ಚಿದಾಗ ಆ ಸುದ್ದಿ. ಎರಡೂ ಕೊಲೆಗಳಿಗೆ ಬಳಕೆಯಾದದ್ದು ಒಂದೇ 7.65 ಮಿ.ಮೀ. ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪ್ರಯೋಗಾಲಯ ಹೇಳಿತು. ಎಲ್ಲಿಯೋ ಒಂದು ಕುಲುಮೆಯಲ್ಲಿ ಅದನ್ನು ಯಾರೋ ಮಾಡಿದ್ದಾರೆ, ಯಾರೋ ಮಾರಿದ್ದಾರೆ, ಯಾರೋ ಚೀಲದಲ್ಲಿ ಹೊತ್ತು ತಂದಿದ್ದಾರೆ. ಹೊತ್ತವನಿಗೆ ಎಷ್ಟು ಕೊಟ್ಟಿರಬಹುದು?

2019ರ ಮಸೂದೆ ನವೆಂಬರ್ 29ರಂದು ಲೋಕಸಭೆಗೆ ಬಂದು, ಡಿಸೆಂಬರ್ 9 ಮತ್ತು 10ರಂದು ಎರಡೂ ಸದನಗಳಲ್ಲಿ ಅಂಗೀಕಾರವಾಯಿತು. ಹನ್ನೆರಡೇ ದಿನ! ಅದರಲ್ಲಿ ಚರ್ಚೆ ಹೆಚ್ಚಾಗಿ ನಡೆದದ್ದು ಪರವಾನಿಗೆಯುಳ್ಳವರು ಎಷ್ಟು ಬಂದೂಕು ಇಟ್ಟುಕೊಳ್ಳಬಹುದು ಎಂಬುದರ ಬಗ್ಗೆ. ಮೂರಿದ್ದುದನ್ನು ಒಂದಕ್ಕೆ ಇಳಿಸಲು ಹೊರಟವರು ಕೊನೆಗೆ ಎರಡಕ್ಕೆ ನಿಂತರು. ಮದುವೆ ಮೆರವಣಿಗೆಯಲ್ಲಿ ಸಂಭ್ರಮಕ್ಕೆ ಗುಂಡು ಹಾರಿಸಿ ಇತರರಿಗೆ ಅಪಾಯ ತಂದರೆ ಎರಡು ವರ್ಷದವರೆಗೆ ಸೆರೆ ಅಥವಾ ಒಂದು ಲಕ್ಷದವರೆಗೆ ದಂಡ ಎಂದಾಯಿತು. ಅಕ್ರಮ ಸಾಗಣೆ ಎಂದರೇನೆಂದು ಕಾಯ್ದೆಯಲ್ಲಿ ಮೊದಲ ಸಲ ವ್ಯಾಖ್ಯೆ ಬಂದಿತು: ಕಾಯ್ದೆಗೆ ವಿರುದ್ಧವಾಗಿ, ಅಥವಾ ಗುರುತು ಕೊರೆಯದ ಬಂದೂಕು, ಗುಂಡುಗಳನ್ನು ದೇಶದೊಳಕ್ಕೆ, ಹೊರಕ್ಕೆ ಅಥವಾ ಒಳಗೊಳಗೇ ತರುವುದು, ಕೊಳ್ಳುವುದು, ಮಾರುವುದು, ಮುಟ್ಟಿಸುವುದು. 2001ರ ವಿಶ್ವಸಂಸ್ಥೆಯ ಬಂದೂಕು ಒಡಂಬಡಿಕೆಯ ವ್ಯಾಖ್ಯೆಯೂ ಇದಕ್ಕೆ ಹತ್ತಿರದ್ದೇ. ಒಳ್ಳೆಯ ವ್ಯಾಖ್ಯೆ. ಕುಲುಮೆಯವನಿಂದ ಹಿಡಿದು ಕೊಳ್ಳುವವನವರೆಗೆ ಇಡೀ ಸರಪಳಿ ಅದರಲ್ಲಿ ಬರುತ್ತದೆ. ಆದರೆ ಸರಪಳಿಯಲ್ಲಿ ರಸ್ತೆಯ ಮೇಲೆ ಸಿಕ್ಕುವ ಕೊಂಡಿ ಯಾವಾಗಲೂ ಒಂದೇ. ಅವನಿಗೂ ಹತ್ತು ವರ್ಷ, ಕುಲುಮೆಯವನಿಗೂ ಹತ್ತು ವರ್ಷ ಎಂದು ಬರೆದರೆ ಸಾಲದು. ನಮ್ಮ ಹುಡುಗನ ಪ್ರಕರಣದಲ್ಲಿ ಚೀಲ ಕೊಟ್ಟವನು ಈ ದಿನದವರೆಗೆ ಸಿಕ್ಕಿಲ್ಲ.

ಜಾಮೀನಿನ ಮೇಲೆ ಬಿಡುಗಡೆಯಾದ ಮೇಲೆ ಹುಡುಗ ಒಮ್ಮೆ ಮನೆಗೆ ಬಂದಿದ್ದ. ಹೈಸ್ಕೂಲಿನಲ್ಲಿದ್ದಾಗ ಕೊನೆಯ ಸಾಲಿನಲ್ಲಿ ಕುಳಿತು ನಕಾಶೆಗಳನ್ನು ಅಂದವಾಗಿ ತೆಗೆಯುತ್ತಿದ್ದವನು. ಅವನ ತಾಯಿ ಒಳಗೆ ನನ್ನ ಮನೆಯವರ ಕೂಡ ಮಾತಾಡುತ್ತಿದ್ದಾಗ ನಾನು ಮೆಲ್ಲಗೆ ಕೇಳಿದೆ, "ಚೀಲದಾಗ ಏನದ ಅಂತ ನಿನಗ ಗೊತ್ತಿತ್ತೇನು?"

ಬಹಳ ಹೊತ್ತು ನೆಲ ನೋಡಿದ. "ಯಾರೂ ಹೇಳಿರಲಿಲ್ರಿ ಸರ್. ಎತ್ತಿದಾಗ ತೂಕದ ಮ್ಯಾಲ ಗೊತ್ತಾಯ್ತ್ರಿ," ಎಂದ.

ನಾನು ಮುಂದೆ ಏನನ್ನೂ ಕೇಳಲಿಲ್ಲ. ಅಜ್ಜನ ಮಾತು ನೆನಪಾಗಿತ್ತು.

ಅವನ ನಡತೆಯ ಬಗ್ಗೆ ಒಂದು ಪತ್ರ ಬರೆದುಕೊಡಲು ವಕೀಲರು ಕೇಳಿದ್ದಾರೆ. ಅವನು ಯಾವ ವರ್ಷ ಶಾಲೆಗೆ ಸೇರಿದ, ತಂದೆ ತೀರಿಕೊಂಡ ಮೇಲೆ ಮನೆ ಹೇಗೆ ನಡೆಸಿದ, ನಾನು ಕಂಡಂತೆ ಎಂಥವನು ಎಂಬುದನ್ನೆಲ್ಲ ಬರೆದಿದ್ದೇನೆ. ಅವನಿಗೆ ಏನೂ ಗೊತ್ತಿರಲಿಲ್ಲ ಎಂದು ಮಾತ್ರ ಬರೆದಿಲ್ಲ. ತಾಯಿ ಆ ಪತ್ರವನ್ನು ಓದಿಸಿಕೊಂಡು ಕೇಳಿ, ಮಡಿಸಿ, ಮತ್ತೆ ಸೆರಗಿನಲ್ಲಿ ಕಟ್ಟಿಕೊಂಡು ಹೋದರು. ಮುಂದಿನ ತಿಂಗಳು ವಿಚಾರಣೆಯ ತಾರೀಖು ಇದೆ. ನಸುಕಿನ ಬಸ್ಸಿಗೆ ನಾನೂ ಅವರ ಜೊತೆ ಹೋಗುವವನಿದ್ದೇನೆ.